ಎರಡು ಹಲ್ಲಿನವು ಮೊದಲು

ಒಂಬತ್ತು ಕುರಿಗಳು ಸತ್ತದ್ದು ನನ್ನಿಂದ. ಅಕ್ಕನಿಂದ ಸತ್ತವು ಎಂಬ ಮಾತೇ ನಮ್ಮ ಮನೆಯಲ್ಲಿ ಹದಿನೈದು ವರ್ಷ ನಡೆಯಿತು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಬರೆಯುತ್ತ ಹೋದಂತೆ ಮಾತನ್ನು ಮೆಲ್ಲಗೆ ನನ್ನ ಕಡೆಗೆ ವಾಲಿಸಿಕೊಳ್ಳುವ ಅಭ್ಯಾಸ ನನಗಿದೆ. ಇದೇ ಸಂಗತಿಯನ್ನು ಹಿಂದೆ ಎರಡು ಸಲ ಬರೆದು ಹರಿದುಹಾಕಿದ್ದೇನೆ. ಎರಡರಲ್ಲೂ ನಾನು ಒಳ್ಳೆಯ ತಮ್ಮನಾಗಿದ್ದೆ.

ನಾವು ಮೂವರು. ಅಣ್ಣ ದೊಡ್ಡವನು, ನಡುವೆ ಅಕ್ಕ, ಕೊನೆಗೆ ನಾನು. ದೇವದುರ್ಗ ತಾಲ್ಲೂಕಿನಲ್ಲಿ, ಜಾಲಹಳ್ಳಿಯಲ್ಲಿ ಬಸ್ಸಿಳಿದು ಒಂದು ತಾಸು ನಡೆದರೆ ನಮ್ಮ ಊರು. ಕುರಿ ಕಾಯುವ ಮನೆ. ಅಪ್ಪ ತೀರಿಕೊಂಡ ಮೇಲೆ ಹಿಂಡು ಅಣ್ಣನದಾಯಿತು. ಅಕ್ಕನಿಗೆ ಅದಕ್ಕೂ ಮೊದಲೇ ಮದುವೆಯಾಗಿತ್ತು. ಮದುವೆಯಲ್ಲಿ ಮಗಳಿಗೆ ಹೆಣ್ಣುಮರಿಗಳನ್ನು ಕೊಡುವುದು ನಮ್ಮಲ್ಲಿ ರೂಢಿ. ಆ ಮರಿಗಳು, ಅವು ಈಯುವ ಮರಿಗಳು, ಎಲ್ಲವೂ ಅವಳವೇ. ಗಂಡನ ಹಿಂಡಿನಲ್ಲಿ ಬೆರೆತಿದ್ದರೂ ಕಿವಿಯ ಅಂಚಿಗೆ ಅವಳಿಗೆಂದೇ ಬೇರೆ ಕಚ್ಚು ಹಾಕಿರುತ್ತಾರೆ.

ಅಕ್ಕ ಗಂಡನ ಮನೆ ಬಿಟ್ಟು ಬಂದಳು. ಯಾಕೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವಳ ಕುರಿಗಳಲ್ಲಿ ಬಲಿತವುಗಳನ್ನೆಲ್ಲ ಅವರು ಉಳಿಸಿಕೊಂಡಿದ್ದರು. ಅವಳ ಹಿಂದೆ ನಡೆದು ಬಂದದ್ದು ಹದಿನಾಲ್ಕು, ಎಲ್ಲವೂ ಎಳೆಯವು. ಅಣ್ಣ ಅವುಗಳನ್ನು ತನ್ನ ಹಿಂಡಿಗೆ ಸೇರಿಸಿಕೊಂಡು ಒಂದು ಮಾತು ಕೊಟ್ಟ.

"ಇಪ್ಪತ್ತಾಗಲಿ. ನಿನಗ ಬ್ಯಾರೆ ಹಟ್ಟಿ ಹಾಕಿಕೊಡ್ತೀನಿ."

ಹಟ್ಟಿ ಎಂದರೆ ಬಲೆ ಸುತ್ತಿ ಕುರಿ ಕೂಡುವ ಜಾಗ. ಬೇರೆ ಹಟ್ಟಿ ಎಂದರೆ ಬೇರೆ ಬದುಕು. ಗೊಬ್ಬರಕ್ಕಾಗಿ ರಾತ್ರಿ ಹೊಲದಲ್ಲಿ ಕುರಿ ತರುಬಲು ಹೊಲದವರು ಕರೆದಾಗ ಅವಳನ್ನೇ ಕರೆಯುತ್ತಾರೆ, ಅವರು ಕೊಡುವ ಕಾಳು ಅವಳ ಚೀಲಕ್ಕೆ ಬೀಳುತ್ತದೆ, ಯಾವ ದಿಕ್ಕಿಗೆ ಹೊರಡಬೇಕೆಂದು ಅವಳೇ ಹೇಳುತ್ತಾಳೆ. ಅಣ್ಣನ ಒಲೆಯ ಪಕ್ಕ ಎರಡನೆಯವಳಾಗಿ ಕೂತಿದ್ದ ಅಕ್ಕನಿಗೆ ಆ ಆರು ಕುರಿಗಳಿಗಿಂತ ದೊಡ್ಡ ದೂರ ಯಾವುದೂ ಇರಲಿಲ್ಲ.

ಕುರಿಯ ವಯಸ್ಸನ್ನು ಕೆಳದವಡೆಯ ಮುಂದಿನ ಹಲ್ಲಿನಲ್ಲಿ ನೋಡುತ್ತಾರೆ. ಹಾಲುಹಲ್ಲಿದ್ದರೆ ಮರಿ. ವರ್ಷ ದಾಟಿದ ಮೇಲೆ ನಡುವಿನ ಎರಡು ಬಿದ್ದು ಅಗಲವಾದ ಎರಡು ಹುಟ್ಟುತ್ತವೆ, ಅದು ಎರಡು ಹಲ್ಲಿನದು. ಆಮೇಲೆ ನಾಲ್ಕು, ಆರು. ಎಂಟಾದರೆ ಬಾಯಿಗೂಡಿತು ಎನ್ನುತ್ತಾರೆ. ಅಲ್ಲಿಂದ ಮುಂದೆ ಹಲ್ಲು ಸವೆಯುತ್ತವೆ, ಸಂದಿ ಬಿಡುತ್ತವೆ, ಉದುರುತ್ತವೆ. ಅಕ್ಕನವು ಹೆಚ್ಚಿನವು ಎರಡು ಹಲ್ಲಿನವು, ಉಳಿದವು ಮರಿಗಳು. ಅಣ್ಣನ ಹಿಂಡಿನಲ್ಲಿ ಬಾಯಿಗೂಡಿದವೇ ಹೆಚ್ಚು.

ಆಗ ನಾನು ರಾಯಚೂರಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದೆ. ಪ್ರಾಣಿಶಾಸ್ತ್ರದ ಮೇಷ್ಟ್ರು ಎಲ್ಲರಿಗೂ ಒಂದೊಂದು ಪ್ರಾಜೆಕ್ಟ್ ಕೊಟ್ಟಿದ್ದರು. ಕೆಲವರು ಕಪ್ಪೆಗಳನ್ನು ಆಯ್ದುಕೊಂಡರು, ಕೆಲವರು ಕೆರೆಯ ನೀರನ್ನು. ನಾನು ನಮ್ಮ ಹಿಂಡನ್ನೇ ಆಯ್ದುಕೊಂಡೆ: ಮೇವಿನ ಮುಂದೆ ಯಾವ ಕುರಿ ಯಾವುದನ್ನು ಸರಿಸುತ್ತದೆ. ರಜೆಯಲ್ಲಿ ಹಿಂಡು ಎಲ್ಲಿದ್ದರೆ ಅಲ್ಲಿಗೆ ಹೋಗಿ, ನೂರು ಪುಟದ ನೋಟ್‌ಬುಕ್ ಹಿಡಿದು ಬದುವಿನ ಮೇಲೆ ಕೂರುತ್ತಿದ್ದೆ.

ಅಣ್ಣನಿಗೆ ಇದು ನಗೆಯಾಗಿತ್ತು. "ಲೇ, ಕುರಿ ನೋಡಿ ಬರಿಯಾಕ ಕಾಲೇಜಿಗೆ ಹೋಗಬೇಕಾಗಿತ್ತೇನು? ಇಲ್ಲೇ ಇದ್ದಿದ್ರ ಎಂದೋ ಪಾಸಾಗ್ತಿದ್ದಿ."

"ಬರೀಲಿ ಬಿಡಣ್ಣಾ," ಎಂದಳು ಅಕ್ಕ. "ನಿನ್ನ ಟಗರು ನನ್ನವನ್ನ ದಿನಕ್ಕ ಎಷ್ಟು ಸಲ ಗುದ್ದತಾವ ಅಂತ ಸರ್ಕಾರಕ್ಕರೆ ಗೊತ್ತಾಗಲಿ."

"ಸರ್ಕಾರ ಏನು ಮಾಡ್ತದ, ನನ್ನ ಟಗರಿಗೆ ನೋಟೀಸ್ ಕೊಡ್ತದ?"

ಆ ನೋಟ್‌ಬುಕ್ ಈಗಲೂ ನನ್ನ ಬಳಿ ಇದೆ. ಅದರಲ್ಲಿ ಬರೆದದ್ದು ಇಷ್ಟು. ಮೇವು ನೆಲದ ತುಂಬ ಚೆದುರಿದ್ದರೆ ಜಗಳ ಕಡಿಮೆ. ಸಣ್ಣವಕ್ಕೆ ಅಲ್ಲಿ ಅನುಕೂಲವೇ ಇದೆ. ಬಾಯಿ ಕಿರಿದು, ಕಲ್ಲಿನ ಸಂದಿಯ ಚಿಗುರೂ ಸಿಗುತ್ತದೆ. ಹೊಟ್ಟೆ ಸಣ್ಣದು, ಸ್ವಲ್ಪಕ್ಕೆ ತುಂಬುತ್ತದೆ. ಮೇವು ಒಂದೇ ಕಡೆ ಗುಡ್ಡೆಯಾಗಿದ್ದರೆ ಎಲ್ಲವೂ ಬದಲಾಗುತ್ತದೆ. ಅಣ್ಣ ಜಾಲಿ ಕೊಂಬೆ ಕಡಿದು ಹಾಕಿದಾಗ ಮೊದಲು ಟಗರುಗಳು, ಆಮೇಲೆ ಬಾಯಿಗೂಡಿದ ಕುರಿಗಳು, ಆಮೇಲೆ ನಾಲ್ಕು ಹಲ್ಲಿನವು. ಎರಡು ಹಲ್ಲಿನವು ದೊಡ್ಡವುಗಳ ಕಾಲ ಸಂದಿಯಲ್ಲಿ ಮೂತಿ ತೂರಿಸಿ ಸಿಕ್ಕಿದ್ದನ್ನು ಅಗಿಯದೆ ನುಂಗುತ್ತಿದ್ದವು. ಅವು ದೊಡ್ಡವುಗಳಿಗಿಂತ ಬೇಗ ತಿನ್ನುವುದನ್ನು ಕಲಿತಿದ್ದವು ಎಂದು ಒಂದು ಪುಟದಲ್ಲಿ ಬರೆದಿದ್ದೇನೆ. ಬರೆದದ್ದನ್ನು ತಿಳಿದುಕೊಂಡಿರಲಿಲ್ಲ.

ಇನ್ನೊಂದು ಪುಟ ಹಿಂಡಿನ ಅತಿ ಮುದಿ ಕುರಿಯ ಮೇಲಿದೆ. ಹಲ್ಲೆಲ್ಲ ಸವೆದು, ಮೈ ಇಳಿದು ನಾಲ್ಕು ಹಲ್ಲಿನದಕ್ಕಿಂತ ಹಗುರವಾಗಿತ್ತು. ಆದರೂ ಅದು ಬಂದರೆ ಉಳಿದವು ಜಾಗ ಬಿಡುತ್ತಿದ್ದವು. ಎಂದೋ ದೊಡ್ಡದಿದ್ದಾಗ ಕಲಿಸಿದ ಪಾಠ ಅದು ಚಿಕ್ಕದಾದ ಮೇಲೂ ನಡೆಯುತ್ತಿತ್ತು. ಒಂದು ಸಂಜೆ ಒಂದು ನಾಲ್ಕು ಹಲ್ಲಿನದು ಅದರ ಪಕ್ಕೆಗೆ ಗುದ್ದಿತು. ಅದು ಎರಡು ಹೆಜ್ಜೆ ಹಿಂದೆ ಸರಿಯಿತು. ಅಷ್ಟೇ. ಎರಡು ದಿನದಲ್ಲಿ ಮರಿಗಳೂ ಅದನ್ನು ದಬ್ಬತೊಡಗಿದವು.

ಆ ವರ್ಷ ಭತ್ತದ ಕೊಯ್ಲು ಮುಗಿಯುತ್ತಿದ್ದಂತೆ ಅಣ್ಣ ಹಿಂಡನ್ನು ಸಿರವಾರದ ಮೇಲೆ ಹೊಡೆದುಕೊಂಡು ಮಾನ್ವಿ ಕಡೆಯ ಗದ್ದೆಗಳಿಗೆ ಇಳಿದ. ನಮ್ಮ ಕಡೆ ನೆಲ ಒಣಗುವ ಹೊತ್ತಿಗೆ ಅಲ್ಲಿ ಕಾಲುವೆಯ ಗದ್ದೆಗಳಲ್ಲಿ ಕೂಳೆ, ಹುಲ್ಲು, ಉದುರಿದ ಕಾಳು. ಅಕ್ಕನ ಕುರಿಗಳಲ್ಲಿ ಕೆಲವು ಆಗಷ್ಟೇ ಮರಿ ಹಾಕಿದ್ದರಿಂದ ಅವಳು ತನ್ನ ಹದಿನಾಲ್ಕನ್ನು ಊರಲ್ಲೇ ಇಟ್ಟುಕೊಂಡಳು. ಎಂಟು ದಿನ ಬಿಟ್ಟು ತಾಯಿಗಳು ನಡೆಯುವಂತಾದ ಮೇಲೆ, ಹಾಲು ಬಿಡುವ ತನಕ ಲೆಕ್ಕಕ್ಕೆ ಹಿಡಿಯದ ಎಳೆಗೂಸು ಮರಿಗಳನ್ನು ಟಂಟಂ ಆಟೋದಲ್ಲಿ ಹೇರಿಸಿ, ಉಳಿದವನ್ನು ನಡೆಸಿಕೊಂಡು ಬಂದಳು. ನಾನು ರಾಯಚೂರಿನಿಂದ ಬಸ್ಸಿನಲ್ಲಿ ಅದೇ ದಿನ ಮುಟ್ಟಿದೆ. ಆ ಎಂಟು ದಿನದ ಅಂತರ ಮುಖ್ಯ. ಅಣ್ಣನ ಕುರಿಗಳ ಹೊಟ್ಟೆ ಅಷ್ಟರಲ್ಲಿ ದಿನಕ್ಕಿಷ್ಟು ಎಂದು ಕಾಳಿಗೆ ಒಗ್ಗಿಕೊಂಡಿತ್ತು. ಅಕ್ಕನವು ಒಣಹುಲ್ಲಿನಿಂದ ನೇರ ಬಂದಿದ್ದವು.

ಮರುದಿನ ಇಳಿಯಬೇಕಾಗಿದ್ದ ಗದ್ದೆ ಮಷಿನ್ನಿನಿಂದ ಕೊಯ್ದದ್ದು. ಮಷಿನ್ನು ಕಾಳನ್ನು ಟ್ರ್ಯಾಕ್ಟರಿನ ಟ್ರ್ಯಾಲಿಗೆ ಸುರಿಯುವಾಗ ಗದ್ದೆಯ ಮೂಲೆಯಲ್ಲಿ ಒಂದಿಷ್ಟು ಹೊರಗೆ ಚೆಲ್ಲಿ ಗುಡ್ಡೆ ಬಿದ್ದಿತ್ತು. ಸಾಮಾನ್ಯವಾಗಿ ಆ ಊರಿನ ಹೆಂಗಸರು ಪೊರಕೆ, ಮೊರ ತಂದು ಅದನ್ನು ಗುಡಿಸಿ ಒಯ್ಯುತ್ತಾರೆ, ಆಮೇಲೆ ಕುರಿ ಇಳಿಸುತ್ತಾರೆ. ಅಂದು ಇನ್ನೂ ಯಾರೂ ಬಂದಿರಲಿಲ್ಲ.

ಸಂಜೆ ಅಣ್ಣ ಹೇಳಿದ: "ಹೊಸಾವು ಬಂದಾವ. ಮೂರು ದಿನ ಬರೇ ಹುಲ್ಲು ಹಾಕ್ರಿ. ಆ ಮೂಲಿ ಕಡೆ ಮೂತಿ ಸುದ್ದಾ ತಿರುಗಿಸಬಾರದು."

ಈ ಮಾತು ನನ್ನ ಕಿವಿಗೆ ಬಿದ್ದಿರಲೇ ಇಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಅಣ್ಣ ಅದನ್ನು ಅಕ್ಕನಿಗೆ ಹೇಳಿದ, ನಾನು ಕಾಲುವೆಯಲ್ಲಿ ಕೈಕಾಲು ತೊಳೆಯುತ್ತಿದ್ದೆ. ಆ ನೀರಿನ ತಂಪು ಕೂಡ ನನಗೆ ನೆನಪಿದೆ. ಆದರೆ ನೋಟ್‌ಬುಕ್ಕಿನಲ್ಲಿ ಆ ಸಂಜೆಯ ಪುಟದ ಕೊನೆಗೆ ನನ್ನದೇ ಕೈಬರಹದಲ್ಲಿ ಹೀಗಿದೆ: "ಹೊಸ ಕುರಿಗಳಿಗೆ ಮೂರು ದಿನ ಹುಲ್ಲು ಮಾತ್ರ (ಅಣ್ಣ). ಕಾರಣ ಕೇಳಬೇಕು." ಕೇಳಲಿಲ್ಲ. ಅದರ ಕೆಳಗೆ ಎರಡು ಗೆರೆ ಎಳೆದು ಬರೆದಿದ್ದೇನೆ: "ಗುಡ್ಡೆ ಮೇವು: ಸಣ್ಣವಕ್ಕೆ ಏನೂ ಸಿಗುವುದಿಲ್ಲ. ದೊಡ್ಡವನ್ನು ತಡೆದು ಸಣ್ಣವನ್ನು ಮೊದಲು ಬಿಟ್ಟರೆ?"

ಆಮೇಲಿನ ಪುಟಗಳು ಖಾಲಿ.

ಬೆಳಿಗ್ಗೆ ಅಣ್ಣ ಇನ್ನೊಂದು ಗದ್ದೆ ಮಾತಾಡಲು ಹೋಗಿದ್ದ. ಅತ್ತಿಗೆ, ಮಕ್ಕಳು ಊರಲ್ಲಿದ್ದರು. ಅಕ್ಕ ಹಟ್ಟಿಯ ಆಚೆ ಬದಿ ಮೂರು ಕಲ್ಲಿನ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಬಲೆಯ ಒಂದು ಮೂಲೆ ಎತ್ತಿ, ಮೊಣಕಾಲಿನಿಂದ ಟಗರುಗಳನ್ನು ತಡೆದು, ಕಿವಿಯ ಕಚ್ಚು ನೋಡಿ ನೋಡಿ ಅಕ್ಕನವನ್ನಷ್ಟೇ ಹೊರಗೆ ಬಿಟ್ಟೆ. ಮೂಲೆಯ ಗುಡ್ಡೆ ಐವತ್ತು ಹೆಜ್ಜೆಯಲ್ಲಿತ್ತು. ಅವು ನಡೆಯಲಿಲ್ಲ, ಓಡಿದವು. ನಾನು ಬಲೆ ಇಳಿಸಿ ಹಿಂದೆ ಹೋದೆ.

ಆಗ ನನಗಾದ ಖುಷಿಯನ್ನು ಬರೆಯದೆ ಬಿಟ್ಟರೆ ಇದು ಸುಳ್ಳಾಗುತ್ತದೆ. ಹದಿನಾಲ್ಕು ತಲೆಗಳು ಒಂದರ ಪಕ್ಕ ಒಂದು ಬಗ್ಗಿ ತಿನ್ನುತ್ತಿದ್ದವು. ಯಾವುದೂ ಯಾವುದನ್ನೂ ತಳ್ಳುತ್ತಿರಲಿಲ್ಲ. ಕಾಳು ಹಲ್ಲಿಗೆ ಸಿಕ್ಕು ಕಟಕಟ ಸದ್ದು ಬರುತ್ತಿತ್ತು. ಬಲೆಯ ಒಳಗಿಂದ ಟಗರುಗಳು ನೋಡುತ್ತಿದ್ದವು. ಹಿಂಡಿನ ಅನ್ಯಾಯವನ್ನು ಒಂದು ಬಲೆಯ ಮೂಲೆ ಎತ್ತಿ ಸರಿಮಾಡಿದೆ ಎಂದುಕೊಂಡೆ. ಜೀವಮಾನವೆಲ್ಲ ಅವಸರದಲ್ಲಿ ನುಂಗಲು ಕಲಿತ ಪ್ರಾಣಿಗೆ ತಳ್ಳುವವರು ಯಾರೂ ಇಲ್ಲದ ಗುಡ್ಡೆ ಸಿಕ್ಕರೆ ಏನಾಗುತ್ತದೆ ಎಂದು ಯೋಚಿಸಲಿಲ್ಲ. ದೊಡ್ಡವು ಗುದ್ದುತ್ತಿದ್ದುದೇ ಅವುಗಳ ಹೊಟ್ಟೆಗೆ ಅಳತೆಯಾಗಿತ್ತು.

ಅಕ್ಕ ತಿರುಗಿ ನೋಡಿದಳು. ಹಿಟ್ಟಿನ ಕೈಯಲ್ಲೇ ಬಂದು, ಸೆರಗು ಬೀಸಿ ಅವುಗಳನ್ನು ಹಿಂದಕ್ಕೆ ಹೊಡೆದಳು.

"ಎಷ್ಟೊತ್ತಾತು ಬಿಟ್ಟು?"

"ಈಗಷ್ಟೇ," ಎಂದೆ.

ಅರ್ಧ ತಾಸಿಗೆ ಕಡಿಮೆಯಿರಲಿಲ್ಲ.

ಕಾಳು ತಿಂದ ಕುರಿಗೆ ನೀರು ತೋರಿಸಬಾರದು, ಕಾಳು ಹೊಟ್ಟೆಯಲ್ಲಿ ಉಬ್ಬುತ್ತದೆ ಎಂಬುದು ನಮ್ಮವರು ಪಾಲಿಸುವ ಕಟ್ಟು. ಅರ್ಧ ತಾಸು ಎಂದು ಗೊತ್ತಿದ್ದರೆ ಅಕ್ಕ ಅವುಗಳನ್ನು ಕಟ್ಟಿಹಾಕಿ, ಅಡುಗೆ ಸೋಡಾ ಕಲಸಿ ಬಾಯಿಗೆ ಹಾಕುತ್ತಿದ್ದಳು. ಈಗಷ್ಟೇ ಎಂದದ್ದಕ್ಕೆ ಅವಳು ನಾಲ್ಕು ಬೈದು ಸುಮ್ಮನಾದಳು. ಕುರಿಗಳು ಬಿಸಿಲೇರಿದ ಮೇಲೆ ಕಾಲುವೆಗೆ ಹೋಗಿ ಹೊಟ್ಟೆತುಂಬ ನೀರು ಕುಡಿದವು.

ಮಧ್ಯಾಹ್ನ ಒಂದು ಗುಂಪು ಬಿಟ್ಟು ನಿಂತಿತು. ಹಲ್ಲು ಕಡಿಯುತ್ತಿತ್ತು. ಎಡಪಕ್ಕೆ ತಮಟೆಯಂತಾಗಿತ್ತು, ಬಾಯಿಂದ ಹುಳಿ ವಾಸನೆ. ಆಮೇಲೆ ಇನ್ನೊಂದು, ಇನ್ನೊಂದು. ಅಣ್ಣ ಬಂದು ಮೂಲೆಯ ಗುಡ್ಡೆಯ ಕಡೆ ನೋಡಿದ, ಕುರಿಗಳ ಕಡೆ ನೋಡಿದ, ಏನೂ ಕೇಳದೆ ದನದ ಡಾಕ್ಟರಿಗೆ ಫೋನು ಮಾಡಿದ. ಅವರು ಮಾನ್ವಿಯಿಂದ ಮೋಟರ್‌ಸೈಕಲ್ ಮೇಲೆ ಬಂದರು. ಮಂಡಿಯೂರಿ ಒಂದರ ಹೊಟ್ಟೆ ಒತ್ತುತ್ತ ಕೇಳಿದರು:

"ಎಷ್ಟೊತ್ತು ತಿಂದಾವರೀ? ಯಾರು ಬಿಟ್ಟವ್ರು?"

ಅಣ್ಣ ನಮ್ಮಿಬ್ಬರ ಕಡೆ ತಿರುಗಿದ. ಅವನು ನನ್ನ ಕಾಲೇಜಿನ ಫೀಸು ಕಟ್ಟುತ್ತಿದ್ದವನು. ಆ ವರ್ಷ ಎರಡು ಸಲ, ಓದು ಸಾಕು ಬಂದು ಕುರಿ ಕಾಯಿ ಎಂದಿದ್ದವನು. ನಾನು ನೆಲ ನೋಡಿದೆ. ಅಕ್ಕ ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿದಳು ಎಂದು ನನ್ನ ನೆನಪು ಹೇಳುತ್ತದೆ. ಉಸಿರೆಳೆದು ಬಿಡುವಷ್ಟೇ ಇದ್ದೀತು.

"ನಾನರೀ," ಎಂದಳು. "ತುಸು ಹೊತ್ತು ಅಷ್ಟ."

ತುಸು ಹೊತ್ತು ಎಂದದ್ದು ನಾನು ಹಾಗೆ ಹೇಳಿದ್ದರಿಂದ. ಡಾಕ್ಟರು ತಮಗೆ ಕೇಳಿಸಿದ ಮಾತಿಗೆ ತಕ್ಕ ಔಷಧ ಹಾಕಿ ಹೋದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಸತ್ತಿದ್ದವು. ಗದ್ದೆಯವರನ್ನು ಕೇಳಿ ಬದುವಿನ ಪಕ್ಕ ಗುಂಡಿ ತೋಡಿದೆವು. ಅಕ್ಕ ಒಂದೊಂದರ ಬಾಯಿ ತೆರೆದು ಹಲ್ಲು ನೋಡಿ ಒಳಗೆ ಇಳಿಸಿದಳು. ಯಾಕೆ ನೋಡಿದಳೋ ತಿಳಿಯದು.

"ಆಸಿ," ಎಂದ ಅಣ್ಣ ಮಣ್ಣು ಎಳೆಯುತ್ತ. "ಎಲ್ಲಾರಕಿಂತ ತನ್ನವು ಮೊದಲು ತಿನ್ನಲಿ ಅಂತ ಆಸಿ. ನಿನ್ನ ಕುರಿ ನೀನೇ ಕೊಂದಿ."

ನಾನು ಸಲಿಕೆ ಹಿಡಿದು ನಿಂತಿದ್ದೆ.

ಉಳಿದ ಐದು, ಎಳೆಗೂಸು ಮರಿಗಳು, ಎಲ್ಲವೂ ಅಣ್ಣನ ಹಿಂಡಿನಲ್ಲಿ ಕರಗಿಹೋದವು. ಬೇರೆ ಹಟ್ಟಿಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಮುಂದಿನ ವರ್ಷ ಅಕ್ಕ ರಾಯಚೂರಿಗೆ ಬಂದು ಒಂದು ಹಾಸ್ಟೆಲಿನಲ್ಲಿ ಅಡುಗೆಗೆ ಸೇರಿದಳು. ನಾನು ಓದು ಮುಗಿಸಿ ಅದೇ ಊರಲ್ಲಿ ಜೀವಶಾಸ್ತ್ರದ ಉಪನ್ಯಾಸಕನಾದೆ. ಪ್ರತಿ ವರ್ಷ ಸ್ಪರ್ಧೆಯ ಪಾಠ ಬಂದಾಗ ಗುಡ್ಡೆ ಮೇವು, ಚೆದುರಿದ ಮೇವು ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ. "ಒಬ್ಬ ಹೆಣ್ಣುಮಗಳು ತನ್ನ ಸಣ್ಣ ಕುರಿಗಳನ್ನು ಮೊದಲು ಬಿಟ್ಟಳು" ಎಂದು ಉದಾಹರಣೆ ಕೊಡುತ್ತೇನೆ. ಕ್ಲಾಸಿನಲ್ಲಿ ಕೂಡ ಬಿಟ್ಟವಳು ಅವಳೇ.

ಒಂದು ಕಾಲಕ್ಕೆ ನಾನು ಗೆಳೆಯರ ಮುಂದೆ ಇನ್ನೊಂದು ಮಾತು ಹೇಳುತ್ತಿದ್ದೆ: ನನ್ನ ಅಕ್ಕ ಹಾಸ್ಟೆಲಿನಲ್ಲಿ ಸಣ್ಣ ಮಕ್ಕಳಿಗೆ ಮೊದಲು ಬಡಿಸುತ್ತಾಳೆ, ದೊಡ್ಡವರನ್ನು ತಡೆದು ನಿಲ್ಲಿಸುತ್ತಾಳೆ ಎಂದು. ಕೇಳಿದವರು ತಲೆದೂಗುತ್ತಿದ್ದರು. ಅದು ಅತಿ ಅಚ್ಚುಕಟ್ಟಾಗಿದೆ ಅನಿಸಿ ಒಂದು ದಿನ ಊಟದ ಹೊತ್ತಿಗೆ ಹೋಗಿ ನಿಂತು ನೋಡಿದೆ. ಅವಳು ಮುಂದೆ ಬಂದ ತಟ್ಟೆಗೆ ಅನ್ನ ಹಾಕುತ್ತಿದ್ದಳು. ತಟ್ಟೆಯ ಹಿಂದಿನ ಮುಖವನ್ನೂ ನೋಡುತ್ತಿರಲಿಲ್ಲ.

ಹೋದ ವರ್ಷ ಅಣ್ಣ ಹಿಂಡನ್ನು ತನ್ನ ಇಬ್ಬರು ಗಂಡುಮಕ್ಕಳಿಗೆ ಪಾಲು ಮಾಡುತ್ತೇನೆಂದ. ಅಕ್ಕ ಊರಿಗೆ ಹೋಗಿ, ಅಪ್ಪ ತನಗೆ ಕೊಟ್ಟ ಮರಿಗಳ ಸಂತಾನ ಇದರಲ್ಲಿದೆ, ತನಗೂ ಒಂದಿಷ್ಟು ಬರಬೇಕು ಎಂದು ಕೇಳಿದಳು. ಹಾಸ್ಟೆಲಿನ ಕೆಲಸ ಇನ್ನು ಹೆಚ್ಚು ವರ್ಷ ಆಗುವುದಿಲ್ಲ, ನಾಲ್ಕು ಕುರಿ ಇದ್ದರೆ ಊರಿಗೆ ಬಂದುಬಿಡುತ್ತೇನೆ ಎಂದಳು. ಮನೆಯವರೆಲ್ಲ ಕೂತಿದ್ದರಂತೆ.

ಇದನ್ನು ಅವಳು ನನಗೆ ಫೋನಿನಲ್ಲಿ ಹೇಳಿದಳು. "ನಿನ್ನ ಪಾಲು ನೀನೇ ಉಬ್ಬಿಸಿ ಕೊಂದಿ ಅಂದ ಅಣ್ಣ. ಎಲ್ಲಾರೂ ನಕ್ಕರು. ನಾನೂ ನಕ್ಕು ಎದ್ದುಬಂದೆ ತಮ್ಮಾ."

ನನಗೆ ಏನನ್ನೂ ಮಾಡೆಂದು ಅವಳು ಹೇಳಲಿಲ್ಲ. ನಾನು ಬರುವ ಭಾನುವಾರ ಊರಿಗೆ ಹೋಗುತ್ತೇನೆ ಎಂದುಕೊಂಡೆ. ಪರೀಕ್ಷೆಯ ಕೆಲಸ ಬಂತು, ಪೇಪರು ತಿದ್ದುವುದು ಬಂತು. ಎರಡು ತಿಂಗಳ ಮೇಲೆ ನಾನು ಊರಿಗೆ ಹೋದಾಗ ಪಾಲು ಮುಗಿದಿತ್ತು.

ಅಣ್ಣ ಮನೆಯ ಮುಂದಿನ ಬೇವಿನ ನೆರಳಲ್ಲಿ ಒಬ್ಬನೇ ಕೂತಿದ್ದ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಮೆತ್ತಗಾಗಲಿ ಎಂದು ಕಾಯುತ್ತಿದ್ದ. ನಾನು ನಿಂತುಕೊಂಡೇ ಹೇಳಿದೆ: ಅಂದು ಬಲೆ ಎತ್ತಿದ್ದು ನಾನು.

"ಗೊತ್ತದ," ಎಂದ.

"ಗೊತ್ತದ ಅಂದ್ರ?"

"ಗುಡ್ಡಿ ತನಕ ಹಸಿ ಮಣ್ಣಾಗ ಚಪ್ಪಲಿ ಗುರುತು ಮೂಡಿದ್ವು. ಆಕಿ ಯಾವಾಗ ಚಪ್ಪಲಿ ಹಾಕ್ಯಾಳ?"

"ಮತ್ತ ಅಕ್ಕನ ಮ್ಯಾಲ ಯಾಕ ಹಾಕಿದಿ?"

"ಆಕೀನ ಹಾಕ್ಕೊಂಡ್ಲು. ನೀ ಅಲ್ಲೇ ನಿಂತಿದ್ದಿ." ರೊಟ್ಟಿಯ ಚೂರು ಬಾಯಿಗಿಟ್ಟು ಬಹಳ ಹೊತ್ತು ನಾಲಿಗೆಯಲ್ಲಿ ಹೊರಳಿಸಿದ. "ಬ್ಯಾರೆ ಹಟ್ಟಿ ಆಗಿದ್ರ ನನ್ನನ್ನ ಕರಿಯೋ ಗದ್ದಿಯವರೊಳಗ ಅರ್ಧ ಮಂದಿ ಆಕೀನ ಕರೀತಿದ್ರು. ಆಕಿ ಕೈ ಚಲೋ ಇತ್ತು. ಆಗ ನನಗೂ ಅದು ಬೇಕಾಗಿರಲಿಲ್ಲ."

ಇಷ್ಟು ನೇರವಾಗಿ ಅವನು ಹೇಳಿದನೇ, ಅಥವಾ ನಾನು ಎರಡು ಮೂರು ಮಾತುಗಳನ್ನು ಸೇರಿಸಿ ಒಂದು ಮಾಡಿದ್ದೇನೆಯೇ? ಚಪ್ಪಲಿಯ ಮಾತು ಖಂಡಿತ ಹೇಳಿದ. ಆಮೇಲೆ ಪಕ್ಕದ ಬೇಲಿಯೊಳಗೆ ನಿಂತಿದ್ದ ಏಳೆಂಟು ಮುದಿ ಕುರಿಗಳ ಕಡೆ ಗದ್ದ ಎತ್ತಿ ತೋರಿಸಿದ. "ನನ್ನ ಕೈಯಾಗ ಈಗ ಏನದ? ಇವು ಹುಡುಗರಿಗೆ ಬ್ಯಾಡಾದವು. ಆಕಿಗೆ ಬೇಕಂದ್ರ ಎರಡು ಒಯ್ಯಿ."

ರಾಯಚೂರಿಗೆ ಬಂದು ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಹಾಸ್ಟೆಲಿನ ಹಿಂದಿನ ಕಟ್ಟೆಯ ಮೇಲೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು.

"ಅಣ್ಣನ ಹೆಂಡತಿ, ಮಕ್ಕಳು ಇದ್ರೇನು ಅಲ್ಲಿ?"

"ಇಲ್ಲ. ನಾವಿಬ್ಬರ."

"ಹಂಗಾದ್ರ ಯಾರಿಗೆ ಹೇಳಿದಂಗಾತು? ಅವಗ ಮೊದಲೇ ಗೊತ್ತಿತ್ತಂತ."

ಕುರಿ ಬಿಟ್ಟದ್ದರ ಹಿಂದಿನ ಸಂಜೆ ನಾವಿಬ್ಬರೂ ಮಾತಾಡಿದ್ದನ್ನು ನೆನಪಿಸಿದೆ. ನನ್ನ ನೆನಪಿನಲ್ಲಿ ಅದು ಇಷ್ಟು ವರ್ಷ ಗಟ್ಟಿಯಾಗಿ ಇತ್ತು: ನಾಳೆ ನಿನ್ನವನ್ನು ಮೊದಲು ಬಿಡುತ್ತೇನೆ ಎಂದು ನಾನು ಹೇಳುತ್ತೇನೆ, ಅಣ್ಣಗ ಗೊತ್ತಾದ್ರ ಎಂದು ಅವಳು ಬಾಯಿಗೆ ಸೆರಗು ಹಿಡಿದು ನಗುತ್ತಾಳೆ.

ಅಕ್ಕ ಮೊರ ಕೆಳಗಿಟ್ಟಳು. "ನೀ ನನಗ ಏನೂ ಹೇಳಿರಲಿಲ್ಲ. ಹೇಳಿದ್ರ ನಾ ಬಿಡ್ತಿದ್ನೇನು? ಮೂರು ದಿನ ಹುಲ್ಲು ಹಾಕ್ರಿ ಅಂತ ಅಣ್ಣ ಹೇಳಿದ್ದು ನಮ್ಮಿಬ್ಬರಿಗೂ. ನಾ ರೊಟ್ಟಿ ಬಡಿಯಾಕತ್ತಿದ್ದೆ. ತಿರುಗಿ ನೋಡಿದ್ರ ಕುರಿ ಗುಡ್ಡಿ ಮ್ಯಾಲಿದ್ವು."

ಆ ನಗು ಎಲ್ಲಿಂದ ಬಂತು? ಅವಳು ನಕ್ಕದ್ದು ನಿಜವೇ, ಬೇರೆ ಯಾವುದೋ ಸಂಜೆ, ಬೇರೆ ಯಾವುದೋ ಮಾತಿಗೆ. ಅದನ್ನು ನಾನು ಅಲ್ಲಿಂದ ಎತ್ತಿ ತಂದು ಇಲ್ಲಿ ಇಟ್ಟುಕೊಂಡಿದ್ದೆ. ಊರವರು ಅವಳನ್ನು ತಪ್ಪಿತಸ್ಥಳು ಎಂದರು. ನಾನು ಒಳಗೊಳಗೇ ಅರ್ಧ ತಪ್ಪನ್ನು ಅವಳಿಗೆ ಕೊಟ್ಟು ಹಗುರಾಗಿದ್ದೆ.

"ಎಲ್ಲಾರ ಮುಂದ ಹೇಳು," ಎಂದಳು. "ಆ ಹುಡುಗರ ಮುಂದ. ನಾ ಬರ್ತೀನಿ, ನಿಂದ್ರತೀನಿ. ಆಮ್ಯಾಲ ನನ್ನ ಪಾಲು ನಾ ಕೇಳ್ತೀನಿ."

ಈ ಸಲದ ಕೊಯ್ಲಿಗೆ ಅಣ್ಣನ ಮಕ್ಕಳು ಹಿಂಡನ್ನು ಮಾನ್ವಿ ಕಡೆಗೇ ಇಳಿಸಿದ್ದರು. ಅಕ್ಕ ಬೆಳಗಿನ ಅಡುಗೆ ಮುಗಿಸಿ, ಸಂಜೆಯ ಅಡುಗೆಯ ಹೊತ್ತಿಗೆ ಮರಳುತ್ತೇನೆಂದು ಹೇಳಿ ಬಂದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ದಾರಿಯುದ್ದಕ್ಕೂ ಯಾವ ಗದ್ದೆಯಲ್ಲಿ ಯಾರ ಹಿಂಡಿದೆ ಎಂದು ಕುರಿಯ ಬಣ್ಣ ನೋಡಿಯೇ ಹೇಳುತ್ತಿದ್ದಳು.

ಗದ್ದೆಯಲ್ಲಿ ಇಬ್ಬರೂ ಹುಡುಗರಿದ್ದರು, ಹಿರಿಯವನ ಹೆಂಡತಿ ಇದ್ದಳು. ಅಣ್ಣನೂ ಒಂದು ಕಂಬಳಿಯ ಮೇಲೆ ಕೂತಿದ್ದ. ಮುದಿ ಕುರಿಗಳ ಜೊತೆ ಅವನನ್ನೂ ಕರೆದುಕೊಂಡು ಬಂದಿದ್ದರು. ಊಟ ನಡೆದಿತ್ತು. ಹುಡುಗರದು ಆಗಿತ್ತು, ಅಣ್ಣನ ತಟ್ಟೆಗೆ ಇನ್ನೂ ಬಂದಿರಲಿಲ್ಲ.

ನಾನು ಹೇಳಿದೆ. ಬಲೆ ಎತ್ತಿದ್ದು, ಅರ್ಧ ತಾಸು, ಈಗಷ್ಟೇ ಎಂದದ್ದು, ಡಾಕ್ಟರ ಮುಂದೆ ಸುಮ್ಮನಿದ್ದದ್ದು. ಏನನ್ನೂ ಬಿಡಲಿಲ್ಲ ಎಂದುಕೊಂಡಿದ್ದೇನೆ.

ಕಿರಿಯವನು ಮೊಬೈಲಿನಿಂದ ತಲೆಯೆತ್ತಿದ. "ಅದು ನಾವು ಸಣ್ಣಾವರಿದ್ದಾಗಿನ ಮಾತಲ್ಲ, ಕಾಕಾ? ಯಾರರೆ ಬಿಟ್ಟಿರಲಿ ಬಿಡ್ರಿ. ಕುರಿ ಸಾಯ್ತಾವ."

"ಯಾರರೆ ಅಲ್ಲ," ಎಂದಳು ಅಕ್ಕ. "ನಾ ಅಲ್ಲ. ಅದನ್ನ ತಲ್ಯಾಗಿಟ್ಕೋ."

"ಆತು ಅತ್ತಿ, ನೀವಲ್ಲ." ಅವನ ದನಿಯಲ್ಲಿ ಕೆಡುಕಿರಲಿಲ್ಲ.

"ಹಂಗಾದ್ರ ನನ್ನ ಪಾಲು ಕೊಡ್ರಿ. ನಾಲ್ಕು ಸಾಕು. ಎರಡು ಹಲ್ಲಿನವು."

ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಹಿರಿಯವನು ಮೆತ್ತಗೆ ಹೇಳಿದ: "ಎರಡು ಹಲ್ಲಿನವು ಕೊಟ್ರ ಮುಂದಿನ ವರ್ಷ ನಮಗೇನು ಉಳೀತದ ಅತ್ತಿ? ಪಾಲಿನ್ಯಾಗ ಬಂದಿದ್ದೇ ಇಷ್ಟು. ಅಪ್ಪನವು ಅದಾವಲ್ಲ, ಅವನ್ನ ಒಯ್ರಿ."

"ಅವಕ್ಕ ಹಲ್ಲೆಲ್ಲಿ ಅದಾವ?"

"ನುಚ್ಚು ಮಾಡಿ ಹಾಕಿದ್ರ ತಿಂತಾವ."

ಅಕ್ಕ ಅಣ್ಣನ ಕಡೆ ನೋಡಿದಳು. ಅವನು ಏನಾದರೂ ಹೇಳುತ್ತಾನೆ ಎಂದು ನಾನೂ ಕಾದೆ. ಅಣ್ಣ ಸೊಸೆಯ ಕಡೆ ನೋಡುತ್ತಿದ್ದ. ಅವಳು ಪಾತ್ರೆಯ ತಳ ಕೆರೆದು ಅವನ ತಟ್ಟೆಗೆ ಹಾಕುತ್ತಿದ್ದಳು.

ನಾನು ಕೊಂಡುಕೊಡುತ್ತೇನೆ ಎಂದೆ. ನಾಳೆಯೇ ಸಂತೆಯಿಂದ ನಾಲ್ಕು, ಬೇಕಾದರೆ ಎಂಟು.

"ನೀ ಕೊಂಡಿದ್ದು ನಿನ್ನವಾಗ್ತಾವ," ಎಂದಳು ಅಕ್ಕ. "ಯಾರ ಕುರಿ ಅಂತ ಊರಾಗ ಕೇಳಿದ್ರ ತಮ್ಮ ಕೊಡಿಸ್ಯಾನ ಅನ್ನಬೇಕು. ಬ್ಯಾಡ."

ಎದ್ದು ಹಿಂಡಿನೊಳಗೆ ಹೋದಳು. ಒಂದು ಎಳೆಯ ಕುರಿಯ ಕಿವಿ ಹಿಡಿದು ನೋಡಿದಳು. ಅಲ್ಲಿ ಎಲ್ಲಕ್ಕೂ ಈಗ ಹುಡುಗರು ಹಾಕಿದ ಒಂದೇ ಕಚ್ಚು. ಬಿಟ್ಟಳು, ಅದು ಓಡಿ ತಾಯಿಯ ಹಿಂದೆ ಸೇರಿಕೊಂಡಿತು. ಅವಳು ಬದುವು ಹತ್ತಿ ರಸ್ತೆಯ ಕಡೆ ನಡೆದಳು, ನಾನು ಹಿಂದೆ ಹೋದೆ.

ರಾಯಚೂರಿನ ಬಸ್ಸಿನಲ್ಲಿ ಜಾಗವಿರಲಿಲ್ಲ. ಒಬ್ಬರು ಎದ್ದು ಅವಳಿಗೆ ಸೀಟು ಕೊಟ್ಟರು, ನಾನು ಕಂಬಿ ಹಿಡಿದು ಪಕ್ಕದಲ್ಲಿ ನಿಂತೆ. ಅವಳು ಒಂದೇ ಮಾತು ಕೇಳಿದಳು: ಅರ್ಧ ತಾಸು ಎಂದು ಅಂದೇ ಹೇಳಿದ್ದರೆ ಎಷ್ಟು ಉಳಿಯುತ್ತಿದ್ದವು, ನೀನು ಓದಿದವನಲ್ಲವೇ, ಹೇಳು. ನನಗೆ ಗೊತ್ತಿಲ್ಲ ಎಂದೆ. ಬಹುಶಃ ಹೆಚ್ಚಿನವು ಉಳಿಯುತ್ತಿದ್ದವು. ಅದನ್ನೂ ನಾನು ಹೇಳಲಿಲ್ಲ.

ಹಾಸ್ಟೆಲಿನ ಗೇಟಿನ ಮುಂದೆ ಆಟೋ ಇಳಿದಾಗ ಐದೂವರೆ. ಅಕ್ಕ ಚೀಲದಿಂದ ಏಪ್ರನ್ ತೆಗೆದು ಕೊರಳಿಗೆ ಹಾಕಿಕೊಂಡು, ತಡವಾಯಿತು ಎಂದು ತನಗೆ ತಾನೇ ಹೇಳಿಕೊಂಡು ಒಳಗೆ ಹೋದಳು. ಇನ್ನೂರು ಮಕ್ಕಳ ಅಕ್ಕಿ ತೊಳೆಯಬೇಕಿತ್ತು.